ವಿಮಾನದಲ್ಲಿ ಫೋನ್ ಕರೆ: ಮತ್ತೆ ಮತ್ತೆ ಬರುವ ಅದೇ ಪ್ರಶ್ನೆ

ಮೂವತ್ತೊಂದು ವರ್ಷ ವಿಮಾನಗಳ ರೇಡಿಯೊ ಮತ್ತು ದಾರಿ ತೋರುವ ಉಪಕರಣಗಳ ರಿಪೇರಿ ಮಾಡಿ, ಈಗ ಚಿಕ್ಕಬಳ್ಳಾಪುರದಲ್ಲಿ ನೆಲೆ ನಿಂತಿದ್ದೇನೆ. ದೇವನಹಳ್ಳಿ ನಿಲ್ದಾಣ ನಮಗೆ ಹತ್ತಿರವಾದ ಮೇಲೆ ಈ ಕಡೆಯ ಜನ ವಿಮಾನ ಹತ್ತುವುದು ಜಾಸ್ತಿಯಾಗಿದೆ. ಅದು ಸಂತೋಷ. ಆದರೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ‘ವಿಮಾನ ಹಾರುವಾಗ ಫೋನ್ ಮಾಡಬಹುದೇ?’ ಎಂದು, ಅದರ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಓದಿದ ಕಟ್ಟುಕತೆ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತರೂ ಪಕ್ಕದವರು ಅದನ್ನೇ ಕೇಳುತ್ತಾರೆ. ಫ್ಲೈಟ್ ಮೋಡ್ ಎಂದರೇನು, ಅದನ್ನು ಹೇಗೆ ಹಾಕುವುದು ಎಂದು ಇಲ್ಲಿ ಹೇಳಿಕೊಡುವುದಿಲ್ಲ. ಅದು ಮನೆಯ ಮಕ್ಕಳಿಗೆ ಗೊತ್ತಿರುತ್ತದೆ, ಕೇಳಿ.

ಕೋಲಾರದಿಂದ ಟೊಮೆಟೊ ಮಂಡಿ ಮಾಲೀಕರೊಬ್ಬರು: ಸಾರ್, ಬಾಕಿ ವಸೂಲಿಗೆಂದು ತಿಂಗಳಿಗೆ ಎರಡು ಸಲ ದೆಹಲಿಯ ಆಜಾದ್‌ಪುರ ಮಂಡಿಗೆ ಹೋಗುತ್ತೇನೆ. ಇಲ್ಲಿ ಬೆಳಗಿನ ಹರಾಜು ನಡೆಯುವ ಹೊತ್ತಿಗೆ ನಾನು ವಿಮಾನದಲ್ಲಿರುತ್ತೇನೆ. ಎರಡೂ ಮುಕ್ಕಾಲು ಗಂಟೆ ಫೋನ್ ಇಲ್ಲ. 15 ಕೆ.ಜಿ. ಬಾಕ್ಸ್ ಮೇಲೆ ಐವತ್ತು ರೂಪಾಯಿ ಹೆಚ್ಚುಕಮ್ಮಿಯಾದರೂ ಲೋಡಿನ ಲೆಕ್ಕದಲ್ಲಿ ನಾನು ಕಳೆದುಕೊಳ್ಳುವುದು ಎಷ್ಟು ಎಂದು ನೀವೇ ಯೋಚಿಸಿ. ದುಬೈ ವಿಮಾನದಲ್ಲಿ ಮಾತಾಡಬಹುದಂತೆ. ನಮ್ಮಲ್ಲಿ ಮಾತಾಡಿದರೆ ವಿಮಾನ ಬೀಳುತ್ತದಂತೆ. ಯಾವುದು ನಿಜ? ಕರೆ ಮಾಡಲು ಬಿಡಬೇಕು ಎನ್ನುವುದು ನನ್ನ ವಾದ.

ಉತ್ತರ: ನಿಮ್ಮ ನಷ್ಟ ನನಗೆ ಅರ್ಥವಾಗುತ್ತದೆ. ಅದಕ್ಕೇ ಈ ಉತ್ತರ ಉದ್ದ.

ಮೊದಲು ಬೀಳುವ ಮಾತು. ನೀವೊಬ್ಬರು ಫೋನ್ ಮಾಡಿದ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ಹಾಗೆ ಬೀಳುವಂತಿದ್ದರೆ ಫ್ಲೈಟ್ ಮೋಡ್ ಹಾಕದೆ ಬ್ಯಾಗಿನಲ್ಲಿ ಮರೆತುಬಿಟ್ಟ ಫೋನುಗಳೇ ದಿನಕ್ಕೊಂದು ವಿಮಾನ ಕೆಡವುತ್ತಿದ್ದವು. ವಿಮಾನದ ಉಪಕರಣಗಳಿಗೆ ಲೋಹದ ಕವಚವಿರುತ್ತದೆ, ತಂತಿಗಳಿಗೆ ಹೆಣೆದ ಹೊದಿಕೆ ಇರುತ್ತದೆ. ಹೊರಗಿನ ರೇಡಿಯೊ ಅಲೆಗಳನ್ನು ತಡೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಿಯೇ ಅವನ್ನು ಜೋಡಿಸುವುದು.

ಹಾಗೆಂದು ‘ಏನೂ ಆಗಲ್ಲ, ಅದೆಲ್ಲ ಸುಮ್ಮನೆ ಹೆದರಿಸೋದು’ ಎನ್ನುವವರ ಮಾತನ್ನೂ ನಂಬಬೇಡಿ. ನಾನು ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿದ್ದಾಗ, 2ಜಿ ಕಾಲ, ಒಂದು ವಿಮಾನದ ಕಾಕ್‌ಪಿಟ್‌ನಲ್ಲಿ ಹೆಡ್‌ಸೆಟ್ ಹಾಕಿಕೊಂಡು ರೇಡಿಯೊ ಪರೀಕ್ಷೆ ಮಾಡುತ್ತಿದ್ದೆ. ನಿಲ್ದಾಣದ ಕಂಟ್ರೋಲ್ ಟವರ್‌ನವರು ಅಂಕಿ ಹೇಳುತ್ತಿದ್ದಾರೆ, ನಡುವೆ ಕಿವಿಯಲ್ಲಿ ‘ಟ್ರ್‌-ಟ್ರ್‌-ಟ್ರ್‌’ ಎಂದು ಶಬ್ದ. ಎರಡು ಅಂಕಿ ನುಂಗಿಹೋಯಿತು. ಕನೆಕ್ಟರ್ ಸಡಿಲವಾಗಿದೆ ಎಂದು ಪ್ಯಾನೆಲ್ ಬಿಚ್ಚಿದೆ, ತಂತಿ ಅಲುಗಾಡಿಸಿದೆ, ಅರ್ಧ ಗಂಟೆ ಹಾಳಾಯಿತು. ಕೊನೆಗೆ ನೋಡಿದರೆ ನನ್ನ ಹಿಂದೆ ಟಾರ್ಚ್ ಹಿಡಿದು ಬಗ್ಗಿದ್ದ ಹುಡುಗನ ಅಂಗಿ ಜೇಬಿನ ಫೋನು. ಅವನಿಗೆ ಕರೆ ಬಂದಾಗಲೆಲ್ಲ ನನಗೆ ಆ ಶಬ್ದ. ಅಂಥ ಫೋನು ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಸಿಗ್ನಲ್ ಕಳಿಸುತ್ತದೆ, ಹೆಡ್‌ಸೆಟ್ಟಿನ ತಂತಿ ಅದನ್ನು ಹಿಡಿದುಕೊಳ್ಳುತ್ತದೆ. ವಿಮಾನ ನೆಲದ ಮೇಲಿತ್ತು, ಏನೂ ಆಗಲಿಲ್ಲ. ಆದರೆ ಪೈಲಟ್‌ಗೆ ಟವರ್ ಹೇಳುವ ಎತ್ತರದ ಅಂಕಿಯಲ್ಲಿ ಒಂದು ನುಂಗಿಹೋದರೆ?

ಇನ್ನೂ ದೊಡ್ಡ ಉದಾಹರಣೆ ಬೇಕೇ? ಬೋಯಿಂಗ್ 737 ವಿಮಾನಗಳಲ್ಲಿ ವೈಫೈ ಅಳವಡಿಸುವ ಪರೀಕ್ಷೆ ನಡೆದಾಗ ಪೈಲಟ್ ಮುಂದಿನ ಪರದೆಗಳಲ್ಲಿ ಒಂದು ಮಾದರಿಯವು ಕ್ಷಣಕಾಲ ಖಾಲಿಯಾದವು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2014ರಲ್ಲಿ, 737 ಮತ್ತು 777 ವಿಮಾನಗಳಲ್ಲಿನ ಆ ಪರದೆಗಳನ್ನು ಐದು ವರ್ಷದೊಳಗೆ ಬದಲಾಯಿಸಿ ಎಂದು ಆದೇಶಿಸಿತು. ಆ ದೇಶವೊಂದರಲ್ಲೇ 1,300ಕ್ಕೂ ಹೆಚ್ಚು ವಿಮಾನಗಳು ಆ ಆದೇಶಕ್ಕೆ ಒಳಪಟ್ಟವು. 2003ರ ಜೂನ್‌ನಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಬಳಿ ಸಣ್ಣ ವಿಮಾನವೊಂದು ಇಳಿಯುವಾಗ ನೆಲಕ್ಕಪ್ಪಳಿಸಿ ಎಂಟು ಜನ ಸತ್ತರು. ಕೊನೆಯ ನಿಮಿಷಗಳಲ್ಲಿ ಪೈಲಟ್‌ನ ಸ್ವಂತ ಫೋನಿನಲ್ಲೇ ಕರೆ ಚಾಲ್ತಿಯಲ್ಲಿತ್ತು. ಅದೇ ಕಾರಣ ಎಂದು ತನಿಖೆ ತೀರ್ಪು ಕೊಡಲಿಲ್ಲ, ಆದರೆ ಅದರಿಂದ ಉಪಕರಣ ತಪ್ಪು ಸೂಚನೆ ತೋರಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲೂ ಇಲ್ಲ. ನನ್ನ ಕೆಲಸದಲ್ಲಿ ‘ಸಾಧ್ಯತೆ ಇದೆ’ ಎಂದರೆ ಆ ಭಾಗವನ್ನು ಬಿಚ್ಚಿ ಕೆಳಗಿಡು ಎಂದೇ ಅರ್ಥ.

ಈಗ ನೆಲದ ಮೊಬೈಲ್ ಟವರಿಗೆ ನೇರವಾಗಿ ಕರೆ ಮಾಡುವ ವಿಷಯ. ವಿಮಾನ ಹಾರುವುದು ಹತ್ತು, ಹನ್ನೊಂದು ಕಿ.ಮೀ. ಎತ್ತರದಲ್ಲಿ. ಟವರಿನ ಆಂಟೆನಾಗಳು ಊರಿನ ಕಡೆಗೆ ಬಗ್ಗಿರುತ್ತವೆ, ಆಕಾಶದ ಕಡೆಗಲ್ಲ. ಸಿಗ್ನಲ್ ಸಿಗದ ಫೋನು ಸುಮ್ಮನಿರುವುದಿಲ್ಲ, ತನ್ನ ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ. ಅಷ್ಟು ಎತ್ತರದಲ್ಲಿ ಕೋಲಾರದ ಮೇಲಿದ್ದರೆ ಸುತ್ತ 350 ಕಿ.ಮೀ. ದೂರದವರೆಗಿನ ಟವರುಗಳಿಗೆ ಅಡ್ಡವೇ ಇಲ್ಲ, ಚೆನ್ನೈನದೂ ಬಳ್ಳಾರಿಯದೂ ನೇರ ದೃಷ್ಟಿಯಲ್ಲಿ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಓಡುವ ಫೋನನ್ನು ಒಂದು ಟವರ್ ಹಿಡಿಯುವಷ್ಟರಲ್ಲಿ ಅದು ಇನ್ನೊಂದರ ಪಾಲಾಗಿರುತ್ತದೆ. ಅಮೆರಿಕದ ದೂರಸಂಪರ್ಕ ಆಯೋಗ 1991ರಲ್ಲಿ ವಿಮಾನದಲ್ಲಿ ಮೊಬೈಲ್ ಬೇಡ ಎಂದದ್ದು ಇದೇ ಕಾರಣಕ್ಕೆ. ವಿಮಾನ ಬೀಳುತ್ತದೆಂದಲ್ಲ, ನೆಲದ ಮೇಲಿನ ಜಾಲ ಕಲಸಿಹೋಗುತ್ತದೆಂದು. ಈ ಒಂದು ಸಂಗತಿ ತಿಳಿಯದೆ ಎರಡೂ ಕಡೆಯವರು ವರ್ಷಗಟ್ಟಲೆ ಜಗಳವಾಡುತ್ತಿದ್ದಾರೆ.

ದುಬೈ ವಿಮಾನದ್ದು ಬೇರೆ ಏರ್ಪಾಡು. ವಿಮಾನದೊಳಗೇ ಒಂದು ಪುಟ್ಟ ಟವರ್ ಇಡುತ್ತಾರೆ. ಟವರ್ ಪಕ್ಕದಲ್ಲೇ ಇರುವುದರಿಂದ ಫೋನು ಪಿಸುಮಾತಿಗೆ ಇಳಿಯುತ್ತದೆ. ಗರಿಷ್ಠ ಎರಡು ವ್ಯಾಟ್‌ವರೆಗೆ ಕೂಗಬಲ್ಲ 2ಜಿ ಫೋನು ಅಲ್ಲಿ ಒಂದು ಮಿಲಿವ್ಯಾಟ್ ಮಟ್ಟಕ್ಕೆ ಬರಬಹುದು. ಅಲ್ಲಿಂದ ಕರೆ ಉಪಗ್ರಹದ ಮೂಲಕ ನೆಲಕ್ಕೆ ಹೋಗುತ್ತದೆ. 2008ರ ಮಾರ್ಚ್ 20ರಂದು ದುಬೈನಿಂದ ಮೊರಾಕ್ಕೊದ ಕಾಸಾಬ್ಲಾಂಕಾಕ್ಕೆ ಹೊರಟ ಎಮಿರೇಟ್ಸ್ ವಿಮಾನದಲ್ಲಿ ಇದು ಶುರುವಾಯಿತು.

‘ನಮ್ಮ ಸರ್ಕಾರ ಬಿಡುವುದಿಲ್ಲ’ ಎನ್ನುವುದೂ ಪೂರ್ತಿ ಸರಿಯಲ್ಲ. 2018ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ. ಭಾರತದ ಆಕಾಶದಲ್ಲಿ 3,000 ಮೀಟರ್ ಎತ್ತರದ ಮೇಲೆ, ವಿಮಾನದೊಳಗಿನ ವ್ಯವಸ್ಥೆಯ ಮೂಲಕ ಮಾತು ಮತ್ತು ಇಂಟರ್‌ನೆಟ್ ಎರಡನ್ನೂ ಕೊಡಲು ಅದರಲ್ಲಿ ಅವಕಾಶವಿದೆ. 2020ರಲ್ಲಿ ವಿಮಾನ ನಿಯಮಾವಳಿಯನ್ನೂ ತಿದ್ದಿ, ಫೋನು ಫ್ಲೈಟ್ ಮೋಡ್‌ನಲ್ಲಿದ್ದರೆ ಪೈಲಟ್ ಅನುಮತಿಯ ಮೇರೆಗೆ ವೈಫೈ ಬಳಸಬಹುದು ಎಂದರು. 2025ರ ಜನವರಿ 1ರಂದು ಏರ್ ಇಂಡಿಯಾ ದೇಶದೊಳಗಿನ ಕೆಲವು ವಿಮಾನಗಳಲ್ಲಿ ವೈಫೈ ಶುರು ಮಾಡಿದೆ. ಅಂದರೆ ಯಂತ್ರವೂ ಇದೆ, ಕಾನೂನಿನ ದಾರಿಯೂ ಇದೆ. ಉಳಿದ ಪ್ರಶ್ನೆ ಒಂದೇ: ಮಾತಿನ ಕರೆ ಬೇಕೇ?

ಬೇಡ. ಇದು ನನ್ನ ಖಚಿತ ಅಭಿಪ್ರಾಯ.

ಮೂರು ವರ್ಷದ ಹಿಂದೆ, ಡಿಸೆಂಬರ್ ಬೆಳಗ್ಗೆ, ಪ್ರಯಾಣಿಕನಾಗಿ ದೇವನಹಳ್ಳಿಗೆ ಬರುತ್ತಿದ್ದೆ. ಆ ದಿನಗಳಲ್ಲಿ ಅಲ್ಲಿನ ಮಂಜು ನಿಮಗೆ ಗೊತ್ತು, ನಂದಿ ಬೆಟ್ಟದ ಬುಡದಿಂದ ಹಾಲು ಚೆಲ್ಲಿದ ಹಾಗೆ. ಚಕ್ರ ಹೊರಗೆ ಬಂದ ಸದ್ದು ಕೇಳಿತು. ಕಿಟಕಿ ಪಕ್ಕದ ಸೀಟಿನವರು ಫ್ಲೈಟ್ ಮೋಡ್ ತೆಗೆದರು, ಸಿಗ್ನಲ್ ಸಿಕ್ಕಿತು, ‘ಹಲೋ, ಬಂದ್‌ಬಿಟ್ಟೆ, ಕಾರು ಆಚೆ ಕಡೆ ನಿಲ್ಸು’ ಎಂದು ಶುರು ಮಾಡಿದರು. ಅಷ್ಟರಲ್ಲಿ ಇಂಜಿನ್ ಗರ್ಜಿಸಿತು, ಮೂತಿ ಮೇಲೆದ್ದಿತು. ಪೈಲಟ್ ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೆ ಎತ್ತಿದ್ದರು. ಅವರ ಫೋನಿನಿಂದ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ, ರನ್‌ವೇ ಕಾಣಲಿಲ್ಲ ಅಷ್ಟೇ. ಆದರೆ ಗದ್ದಲದಲ್ಲಿ ಕೇಳಿಸದೆ ಇವರು ಒಂದು ಕಿವಿಗೆ ಬೆರಳಿಟ್ಟುಕೊಂಡು ‘ಹಲೋ, ಹಲೋ’ ಎಂದು ಕಿರುಚತೊಡಗಿದರು. ಅದೇ ಕ್ಷಣ ಗಗನಸಖಿ ಮೈಕಿನಲ್ಲಿ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಿದ್ದು ‘ದಯವಿಟ್ಟು’ ಎಂಬ ಒಂದು ಪದ. ಹಿಂದಿನ ಸೀಟಿನಲ್ಲಿದ್ದ ವಯಸ್ಸಾದ ತಾಯಿ ನನ್ನ ಭುಜ ತಟ್ಟಿ ‘ಏನಂದ್ರಪ್ಪ, ಏನಂದ್ರು?’ ಎಂದು ಕೇಳಿದರು. ಅವರ ಕೈ ನಡುಗುತ್ತಿತ್ತು. ಮೂವತ್ತು ವರ್ಷ ವಿಮಾನದಲ್ಲೇ ಬದುಕಿದ ನನ್ನ ಹತ್ತಿರ ಅವರಿಗೆ ಹೇಳಲು ಏನೂ ಇರಲಿಲ್ಲ, ಏಕೆಂದರೆ ನಾನೂ ಕೇಳಿಸಿಕೊಂಡಿರಲಿಲ್ಲ.

ಹಾರಿದ ಮೊದಲ ಮೂರು ನಿಮಿಷ, ಇಳಿಯುವ ಮುಂಚಿನ ಎಂಟು ನಿಮಿಷ. ನಮ್ಮ ಕಸುಬಿನವರೆಲ್ಲ ಉಸಿರು ಹಿಡಿಯುವ ಹೊತ್ತು ಅದು. ಬೆಂಕಿ ಬಿದ್ದರೆ ಅರ್ಧದಷ್ಟು ಬಾಗಿಲುಗಳಿಂದ 90 ಸೆಕೆಂಡಿನೊಳಗೆ ಎಲ್ಲರೂ ಹೊರಬರಬೇಕು ಎಂದು ಲೆಕ್ಕ ಹಾಕಿ ವಿಮಾನ ಕಟ್ಟಿರುತ್ತಾರೆ. ಆ ಲೆಕ್ಕದಲ್ಲಿ ‘ಇರಪ್ಪ, ಒಂದು ಕಾಲ್‌ನಲ್ಲಿದೀನಿ’ ಎನ್ನುವವನಿಗೆ ಜಾಗ ಇಟ್ಟಿಲ್ಲ.

ಮೇಲೆ ಹೋದ ಮೇಲಾದರೂ ಮಾತಾಡಬಹುದಲ್ಲ ಎನ್ನುತ್ತೀರಿ. ಇಂಜಿನ್ ಸದ್ದಿಗೆ ನಿಮಗೆ ಗೊತ್ತಿಲ್ಲದೆಯೇ ದನಿ ಏರುತ್ತದೆ. ಒಂದು ಸಾಮಾನ್ಯ ವಿಮಾನದಲ್ಲಿ ಸುಮಾರು 180 ಜನ, ಸಾಲಿಗೆ ಆರು, ಮೊಣಕೈಗೆ ಮೊಣಕೈ. ಬಸ್ಸಿನಲ್ಲಾದರೆ ಜಾಗ ಬದಲಾಯಿಸಬಹುದು, ತೀರಾ ತಡೆಯಲಾರದೆ ಹೋದರೆ ಹೊಸಕೋಟೆಯಲ್ಲಿ ಇಳಿದುಬಿಡಬಹುದು. ಅಲ್ಲಿ ಎಲ್ಲಿಗೆ ಹೋಗುವುದು? ಇಬ್ಬರು ಕಚ್ಚಾಡಿದರೆ ಬಿಡಿಸಬೇಕಾದವಳು ನಿಮ್ಮ ಪ್ರಾಣಕ್ಕೆ ಹೊಣೆಯಾದ ಅದೇ ಗಗನಸಖಿ. ಅಮೆರಿಕದಲ್ಲಿ 2013ರಲ್ಲಿ ಕರೆಗಳಿಗೆ ಅವಕಾಶ ಕೊಡುವ ಪ್ರಸ್ತಾವ ಬಂದಾಗ ಗಗನಸಖಿಯರೂ ಪೈಲಟ್‌ಗಳೂ ವಿರೋಧಿಸಿದರು, 2020ರಲ್ಲಿ ಅದನ್ನು ಕೈಬಿಟ್ಟರು. ಸರಿಯಾಗೇ ಮಾಡಿದರು.

ನಿಮ್ಮ ಹರಾಜಿಗೆ ಬರೋಣ. ವೈಫೈ ಇರುವ ವಿಮಾನ ಸಿಕ್ಕರೆ ಗುಮಾಸ್ತನಿಗೆ ಮೆಸೇಜ್ ಹಾಕಿ. ‘ಬಾಕ್ಸ್ 420, ಬಿಡು’ ಎಂದು ಬರೆಯಲು ಯಾರಿಗೂ ತೊಂದರೆಯಿಲ್ಲ. ವೈಫೈ ಇದೆಯೆಂದು ವಾಟ್ಸ್‌ಆ್ಯಪ್ ಕರೆ ಶುರು ಮಾಡಬೇಡಿ, ಸೇವೆ ಕೊಡುವ ಕಂಪನಿಗಳಲ್ಲಿ ಹೆಚ್ಚಿನವು ಮಾತಿನ ಕರೆ ಬೇಡ ಎನ್ನುತ್ತವೆ. ವೈಫೈ ಇಲ್ಲದಿದ್ದರೆ ಹತ್ತುವ ಮುಂಚೆ ‘ಇಷ್ಟಕ್ಕಿಂತ ಕೆಳಗೆ ಬಿಡಬೇಡ, ಇಷ್ಟಕ್ಕಿಂತ ಮೇಲೆ ಬಂದರೆ ನನ್ನ ಕೇಳಬೇಡ’ ಎಂದು ಎರಡು ಅಂಕಿ ಹೇಳಿಬಿಡಿ. ನಿಮ್ಮಪ್ಪನ ಕಾಲದಲ್ಲಿ ಮೊಬೈಲ್ ಇಲ್ಲದೆಯೇ ಮಂಡಿ ನಡೆದದ್ದು ಹಾಗೆಯೇ.

ಚಿಂತಾಮಣಿಯಿಂದ: ಫೋನಿನ ಹಿಂದೆ ಅಂಟಿಸುವ ‘ಆ್ಯಂಟಿ ರೇಡಿಯೇಷನ್ ಚಿಪ್’ ಕೊಂಡಿದ್ದೇನೆ. ಇದಿದ್ದರೆ ಫ್ಲೈಟ್ ಮೋಡ್ ಬೇಕಿಲ್ಲ ಎಂದು ಅಂಗಡಿಯವರು ಹೇಳಿದರು.

ಉತ್ತರ: ಅಂಗಡಿಯವರು ನಿಮಗೆ ಮೋಸ ಮಾಡಿದ್ದಾರೆ. ಆ ಸ್ಟಿಕ್ಕರ್ ನಿಜವಾಗಿ ಅಲೆಗಳನ್ನು ತಡೆದರೆ ನಿಮ್ಮ ಫೋನಿಗೆ ಕರೆಯೇ ಬರಬಾರದು. ಬರುತ್ತಿದೆ ತಾನೇ? ಅರ್ಧಂಬರ್ಧ ತಡೆದರೆ ಇನ್ನೂ ಕೆಡುಕು, ಸಿಗ್ನಲ್ ಸಾಲದೆ ಫೋನು ಮತ್ತಷ್ಟು ಜೋರಾಗಿ ಕೂಗುತ್ತದೆ. ಕಿತ್ತು ಬಿಸಾಕಿ. ಜನರ ಭಯವನ್ನು ಮಾರಿ ಹೊಟ್ಟೆ ಹೊರೆಯುವ ಇಂಥವರ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ನಂದಿ ಗ್ರಾಮದಿಂದ: ನಮ್ಮ ತಾರಸಿಯ ಮೇಲೇ ವಿಮಾನ ಹೋಗುತ್ತದೆ. ಆಗ ಫೋನ್ ಮಾಡಬಹುದೇ?

ಉತ್ತರ: ಮಾಡಿ.

ಬಾಗೇಪಲ್ಲಿಯಿಂದ: ನಮ್ಮೂರಿಗೆ 5ಜಿ ಟವರ್ ಬಂದಿದೆ. ಇದರಿಂದ ವಿಮಾನಗಳಿಗೆ ಅಪಾಯ ಎಂದು ವಿಡಿಯೊ ಬಂದಿದೆ.

ಉತ್ತರ: ವಿಷಯ ನಿಜ, ನಿಮ್ಮೂರಿಗೆ ಸಂಬಂಧವಿಲ್ಲ. ನೆಲದಿಂದ ಎಷ್ಟು ಮೇಲಿದ್ದೇವೆಂದು ಅಳೆಯುವ ರೇಡಿಯೊ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್ ಕಂಪನದ ರೇಡಿಯೊ ಅಲೆಗಳಲ್ಲಿ ಕೆಲಸ ಮಾಡುತ್ತದೆ. ಅಮೆರಿಕ ತನ್ನ 5ಜಿಯನ್ನು ಅದಕ್ಕೆ ಹತ್ತಿರ ತಂದಾಗ, 2022ರ ಜನವರಿಯಲ್ಲಿ, ಏರ್ ಇಂಡಿಯಾ ಕೂಡ ಅಲ್ಲಿಗೆ ಹೋಗುವ ಕೆಲವು ವಿಮಾನಗಳನ್ನು ರದ್ದು ಮಾಡಿತ್ತು. ನಮ್ಮ 5ಜಿಯಲ್ಲಿ ಅದಕ್ಕೆ ಹತ್ತಿರದ ಅಲೆಗಳು ಇನ್ನೂ ಕೆಳಗಿವೆ, 3.3ರಿಂದ 3.67 ಗಿಗಾಹರ್ಟ್ಸ್‌ವರೆಗೆ. ಆದರೂ ರನ್‌ವೇಯ ಎರಡೂ ತುದಿಯಿಂದ 2.1 ಕಿ.ಮೀ., ನಡುಗೆರೆಯಿಂದ 910 ಮೀಟರ್ ಒಳಗೆ ಅಂಥ ಟವರ್ ಹಾಕಬೇಡಿ ಎಂದು 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ನಿಮ್ಮೂರು ರನ್‌ವೇಯಿಂದ ಬಹುದೂರ. ವಿಡಿಯೊ ಅಳಿಸಿ.

ಮಾಲೂರಿನಿಂದ: ಮಗ ಗಲ್ಫ್‌ನಿಂದ ಬರುವಾಗ ಫ್ಲೈಟ್ ಮೋಡ್ ಹಾಕಲು ಮರೆತ. ಒಂದು ಕರೆಯೂ ಮಾಡಿಲ್ಲ, ಆದರೂ ಸಾವಿರಾರು ರೂಪಾಯಿ ಬಿಲ್ ಬಂದಿದೆ.

ಉತ್ತರ: ಮೇಲೆ ಹೇಳಿದ ಪುಟ್ಟ ಟವರಿಗೆ ಫೋನು ತಾನಾಗಿ ಅಂಟಿಕೊಂಡಿದೆ. ಅದು ಉಪಗ್ರಹದ ರೋಮಿಂಗ್, ದುಬಾರಿ. ಫೋನಿನೊಳಗಿನ ಆ್ಯಪ್‌ಗಳು ಹಿನ್ನೆಲೆಯಲ್ಲಿ ಡೇಟಾ ಎಳೆದಿವೆ. ಕಂಪನಿಗೆ ಬರೆದು ಕೇಳಿ, ಕೆಲವೊಮ್ಮೆ ಸ್ವಲ್ಪ ಕಡಿಮೆ ಮಾಡುತ್ತಾರೆ. ಮುಂದಿನ ಸಲ ಡೇಟಾ ರೋಮಿಂಗ್ ಬಂದ್ ಮಾಡಿಯೇ ಹತ್ತಲಿ.

ಶಿಡ್ಲಘಟ್ಟದಿಂದ: ಸೊಸೆ ಬಸುರಿ. ವಿಮಾನದಲ್ಲಿ ಫೋನ್ ಹತ್ತಿರ ಇಟ್ಟುಕೊಳ್ಳಬಹುದೇ?

ಉತ್ತರ: ತಾಯಿ, ಫೋನಿನ ಚಿಂತೆ ಬಿಡಿ. ಈ ತಿಂಗಳಲ್ಲಿ ವಿಮಾನ ಹತ್ತಬಹುದೇ ಎಂದು ಅವಳ ಡಾಕ್ಟರನ್ನು ಕೇಳಿ, ಚೀಟಿ ಬರೆಸಿಕೊಳ್ಳಿ.

ಕೆಜಿಎಫ್‌ನಿಂದ: ಪವರ್ ಬ್ಯಾಂಕನ್ನು ಸೂಟ್‌ಕೇಸ್‌ನಲ್ಲಿ ಹಾಕಿ ಚೆಕ್‌ಇನ್ ಮಾಡಬಹುದೇ? ನನ್ನದು 20,000 ಎಂಎಎಚ್.

ಉತ್ತರ: ಕೂಡದು. ಕೈಚೀಲದಲ್ಲೇ ಇರಬೇಕು. ಸಾಮಾನ್ಯ ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್, ನಿಮ್ಮದು ಅದರೊಳಗಿದೆ. ಫೋನ್ ಕರೆಗಿಂತ ನನಗೆ ನಿಜವಾಗಿ ಭಯವಿರುವುದು ಈ ಲಿಥಿಯಂ ಬ್ಯಾಟರಿಗಳದ್ದು, ಆದರೆ ಅದನ್ನು ಕೇಳುವವರು ವರ್ಷಕ್ಕೊಬ್ಬರು. ವಿಮಾನದ ಹೊಟ್ಟೆಯಲ್ಲಿರುವ ಸಾಮಾನಿನ ಗೂಡಿನಲ್ಲಿ ಅದು ಹೊತ್ತಿಕೊಂಡರೆ ಆರಿಸಲು ಅಲ್ಲಿ ಯಾರೂ ಇಲ್ಲ. ಇನ್ನೊಂದು ಮಾತು: ನಿಮ್ಮ ಫೋನು ಸೀಟಿನ ಸಂದಿಗೆ ಜಾರಿ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ, ಕಬ್ಬಿಣದ ಸರಳಿಗೆ ಸಿಕ್ಕಿ ಬ್ಯಾಟರಿ ಜಜ್ಜಿ ಬೆಂಕಿ ಹತ್ತಿದ ಪ್ರಸಂಗಗಳಿವೆ. ಕೈ ಹಾಕಬೇಡಿ, ಎದ್ದು ನಿಂತು ಗಗನಸಖಿಯನ್ನು ಕರೆಯಿರಿ.