ದೆಹಲಿಗೆ ಯುವಕ ಸಂಘದ ಪ್ರವಾಸ: ಪ್ಯಾಕೇಜ್ ಬಿಡಿ, ಹಳದಿ ಮೆಟ್ರೊ ಹಿಡಿಯಿರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿಮ್ಮ ಯುವಕ ಸಂಘದವರು ಫೆಬ್ರವರಿಯಲ್ಲಿ ದೆಹಲಿಗೆ ಹೊರಟಿದ್ದೀರಿ, ಅಲ್ಲಿ ನಾಲ್ಕು ದಿನ ಇರುತ್ತೀರಿ, ಹೆಚ್ಚಿನವರು ಉತ್ತರ ಭಾರತವನ್ನು ಮೊದಲ ಸಲ ನೋಡುವವರು. ಪ್ಯಾಕೇಜ್ ಟೂರ್ ಹಿಡಿಯುವುದೋ, ನಾವೇ ತಿರುಗುವುದೋ ಎಂದು ಕೇಳಿದ್ದೀರಿ. ಕುಂಬಳೆ ಸಮೀಪದ ಒಂದು ಸಂಘದ ಹುಡುಗ ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದವನಾಗಿ ಹೇಳುತ್ತೇನೆ: ನೀವೇ ತಿರುಗಿ.

ಪ್ಯಾಕೇಜ್ ಬಸ್ಸು ಒಂದೇ ದಿನದಲ್ಲಿ ಹತ್ತು ಕಡೆ ನಿಲ್ಲುತ್ತದೆ. ಇಳಿ, ಫೋಟೊ ತೆಗೆ, ಹತ್ತು. ಊರಿಗೆ ಬಂದ ಮೇಲೆ ಯಾವ ಫೋಟೊ ಎಲ್ಲಿಯದೆಂದು ಹೇಳಲಾಗದಿದ್ದರೆ ಅಷ್ಟು ದೂರ ಹೋಗಿ ಏನು ಸಿಕ್ಕಿತು? ದಿನಕ್ಕೆ ಎರಡು ಅಥವಾ ಮೂರು ಜಾಗ ಸಾಕು. ಅದಕ್ಕೆ ದೆಹಲಿ ಮೆಟ್ರೊದ ಹಳದಿ ಮಾರ್ಗವೇ ನಿಮಗೆ ದಾರಿ ತೋರಿಸುತ್ತದೆ. ಚಾಂದನಿ ಚೌಕ್, ಪಟೇಲ್ ಚೌಕ್, ಸೆಂಟ್ರಲ್ ಸೆಕ್ರೆಟೇರಿಯಟ್, ಲೋಕ ಕಲ್ಯಾಣ ಮಾರ್ಗ, ಜೋರ್‌ಬಾಗ್, ಕುತುಬ್ ಮಿನಾರ್ ಎಲ್ಲವೂ ಈ ಒಂದೇ ಮಾರ್ಗದ ನಿಲ್ದಾಣಗಳು. ಹಳೆಯ ದೆಹಲಿ, ಬಾಂಗ್ಲಾ ಸಾಹಿಬ್ ಗುರುದ್ವಾರ, ಕರ್ತವ್ಯಪಥ ಮತ್ತು ಇಂಡಿಯಾ ಗೇಟ್, ಗಾಂಧಿ ಸ್ಮೃತಿ, ಲೋಧಿ ಉದ್ಯಾನ, ಕುತುಬ್ ಮಿನಾರ್ ಇರುವ ಮೆಹ್ರೌಲಿ ಇದೇ ಕ್ರಮದಲ್ಲಿ ಸಿಗುತ್ತವೆ. ರೈಲು ಸಾಗುವ ದಿಕ್ಕಿನ ಮೊದಲ ಬೋಗಿ ಮಹಿಳೆಯರಿಗೆ ಮೀಸಲು ಎಂಬುದನ್ನು ಹುಡುಗರಿಗೆ ಮೊದಲೇ ಹೇಳಿಡಿ. ಯಾರಾದರೂ ಹತ್ತಲಾಗದೆ ಹಿಂದೆ ಉಳಿದರೆ ರೈಲು ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಬೇಕು ಎಂಬ ನಿಯಮವನ್ನೂ ಮಾಡಿಕೊಳ್ಳಿ.

ಹೊರಡುವ ಮೊದಲು ಸಂಘದ ಸಭೆಯಲ್ಲಿ ಜಾಗಗಳನ್ನು ಹಂಚಿಬಿಡಿ. ಒಂದೊಂದು ಸ್ಥಳದ ಬಗ್ಗೆ ಒಬ್ಬೊಬ್ಬರು ಓದಿಕೊಂಡು ಬರಬೇಕು, ಅಲ್ಲಿ ನಿಂತು ಉಳಿದವರಿಗೆ ಕನ್ನಡದಲ್ಲಿ ಹತ್ತು ನಿಮಿಷ ಹೇಳಬೇಕು. ಇದರಿಂದ ನಮ್ಮ ಪ್ರವಾಸದ ಕಳೆಯೇ ಬದಲಾಯಿತು. ಕುತುಬ್ ಮಿನಾರಿನ ಆವರಣದ ಕಬ್ಬಿಣದ ಕಂಬ ರಸಾಯನಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳ ಪಾಲಿಗೆ ಬಂದಿತ್ತು. ಸುಮಾರು ಏಳು ಮೀಟರ್ ಎತ್ತರ, ಆರು ಟನ್ನಿಗೂ ಹೆಚ್ಚು ತೂಕ. ಅದರ ಮೇಲಿನ ಸಂಸ್ಕೃತ ಶಾಸನ ಹೊಗಳುವ ಚಂದ್ರ ಎಂಬ ಅರಸ ಗುಪ್ತರ ಎರಡನೆಯ ಚಂದ್ರಗುಪ್ತ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸಾವಿರದ ಆರುನೂರು ವರ್ಷಗಳಾದರೂ ತುಕ್ಕು ಅದನ್ನು ತಿಂದಿಲ್ಲ. ಆ ಕಬ್ಬಿಣದಲ್ಲಿ ರಂಜಕದ (ಫಾಸ್ಫರಸ್) ಅಂಶ ಹೆಚ್ಚು, ಅದರಿಂದಾಗಿ ಮೈಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟಿಕೊಂಡಿದೆ ಎಂದು ಅವಳು ವಿವರಿಸಿದಳು. ಒಂದು ಮಳೆಗಾಲಕ್ಕೆ ಮನೆಯ ಗೇಟು ತುಕ್ಕು ಹಿಡಿಯುವ ಊರಿನವರು ನಾವು. ಎಲ್ಲರೂ ಬೇಲಿಗೆ ಒರಗಿ ನಿಂತು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು.

ಅಲ್ಲೇ ಪಕ್ಕದ ಮಸೀದಿಯ ಕಂಬಗಳನ್ನೂ ಹತ್ತಿರ ಹೋಗಿ ನೋಡಿ. ಇಪ್ಪತ್ತೇಳು ಹಿಂದೂ ಮತ್ತು ಜೈನ ದೇವಾಲಯಗಳ ಸಾಮಗ್ರಿಯಿಂದ ಇದನ್ನು ಕಟ್ಟಿಸಿದ್ದಾಗಿ ಪೂರ್ವದ ಬಾಗಿಲಿನ ಶಾಸನವೇ ಹೇಳುತ್ತದೆ. ಕಂಬಗಳಲ್ಲಿ ಸರಪಳಿಗೆ ತೂಗುಹಾಕಿದ ಗಂಟೆಗಳ ಕೆತ್ತನೆ ಈಗಲೂ ಸ್ಪಷ್ಟವಾಗಿದೆ. ಮಿನಾರಿನ ಎತ್ತರ 72.5 ಮೀಟರ್. 1981ರ ಕಾಲ್ತುಳಿತದ ನಂತರ ಸಾರ್ವಜನಿಕರನ್ನು ಒಳಗೆ ಹತ್ತಲು ಬಿಡುವುದಿಲ್ಲ.

ಹಳೆಯ ದೆಹಲಿಗೆ ಒಂದು ಪೂರ್ತಿ ದಿನ ಕೊಡಿ. ಷಹಜಹಾನ್ 1648ರಲ್ಲಿ ಮುಗಿಸಿದ ಕೆಂಪುಕೋಟೆಯಿಂದ ಶುರುಮಾಡಿ ಚಾಂದನಿ ಚೌಕದ ಬೀದಿಯಲ್ಲಿ ನೇರ ನಡೆಯಿರಿ. ಹಗಲಿನಲ್ಲಿ ಅಲ್ಲಿ ಮೋಟಾರು ವಾಹನಗಳಿಗೆ ನಿರ್ಬಂಧವಿದೆ. ಜೈನರ ಲಾಲ್ ಮಂದಿರ, ಗೌರಿಶಂಕರ ದೇವಸ್ಥಾನ, 1675ರಲ್ಲಿ ಸಿಖ್ಖರ ಗುರು ತೇಗ್ ಬಹಾದೂರರು ಪ್ರಾಣ ಕೊಟ್ಟ ಜಾಗದ ಸೀಸ್‌ಗಂಜ್ ಗುರುದ್ವಾರ, ಕೊನೆಯಲ್ಲಿ ಫತೇಪುರಿ ಮಸೀದಿ ಎಲ್ಲವೂ ಒಂದೇ ಬೀದಿಯಲ್ಲಿವೆ. ಅದನ್ನು ದಾಟಿದರೆ ಖಾರಿ ಬಾವ್ಲಿ, ಮಸಾಲೆಯ ಸಗಟು ಪೇಟೆ. ನಮ್ಮ ಕಡೆಯ ಯುವಕರು ಇದನ್ನು ತಪ್ಪಿಸಲೇಬಾರದು. ಅಂಗಳದಲ್ಲಿ ಕಾಳುಮೆಣಸು ಒಣಗಿಸಿ ಅಂಗಡಿಗೆ ಹಾಕುವ ಮನೆಯ ಮಕ್ಕಳು ಅದೇ ಸರಕು ಗೋಣಿಗಟ್ಟಲೆ ಬಿಕರಿಯಾಗುವುದನ್ನು ಕಣ್ಣಾರೆ ನೋಡಬೇಕು. ಗಡೋಡಿಯಾ ಮಾರ್ಕೆಟಿನ ಒಳಗೆ ಒಣಮೆಣಸಿನ ಘಾಟಿಗೆ ಎಲ್ಲರೂ ಸೀನುತ್ತಾ ಕೆಮ್ಮುತ್ತಾ ನಿಂತರೂ, ನಮ್ಮ ಹುಡುಗರು ಕಾಳುಮೆಣಸಿನ ದರ ಕೇಳದೆ ಹೊರಗೆ ಬರಲಿಲ್ಲ. ಊರಿನಲ್ಲಿ ಸಿಗುವ ದರಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ, ಲಾರಿ ಬಾಡಿಗೆ ಎಷ್ಟು ಹೋಗಬಹುದು ಎಂಬ ಲೆಕ್ಕ ರಾತ್ರಿ ಊಟದವರೆಗೂ ನಡೆಯಿತು. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.

ಮಾತಿನ ಭಯ ಬೇಡ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಐದನೆಯ ತರಗತಿಯಿಂದ ಹಿಂದಿ ಓದಿದವರೇ. ಆಟೋದವರ ಹತ್ತಿರ, ಅಂಗಡಿಯವರ ಹತ್ತಿರ ಅವರನ್ನೇ ಮುಂದೆ ಬಿಡಿ, ನೀವು ಹಿಂದೆ ನಿಲ್ಲಿ.

ಬಾಂಗ್ಲಾ ಸಾಹಿಬ್‌ನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕುಳಿತು ಊಟ ಮಾಡಿ. ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು. ಜಾತ್ರೆಯ ಅನ್ನದಾನದಲ್ಲಿ ಬಡಿಸಿ ಅಭ್ಯಾಸವಿರುವ ನಿಮ್ಮ ಹುಡುಗರು ಅಡುಗೆಮನೆಯಲ್ಲಿ ಸೇವೆಗೂ ಕೇಳಿಕೊಳ್ಳಲಿ. ಕುಚ್ಚಲಕ್ಕಿ ಅನ್ನ ಬೇಕೆನಿಸಿದರೆ ಜಂತರ್ ಮಂತರ್ ರಸ್ತೆಯ ಕೇರಳ ಹೌಸ್‌ನ ಕ್ಯಾಂಟೀನ್ ಇದೆ. ಗಾಂಧಿ ಸ್ಮೃತಿಗೆ ಪ್ರವೇಶ ಉಚಿತ. 1948ರ ಜನವರಿ 30ರಂದು ಗಾಂಧೀಜಿ ಪ್ರಾರ್ಥನೆಗೆ ನಡೆದುಹೋದ ದಾರಿಯಲ್ಲಿ ಅವರ ಹೆಜ್ಜೆಗಳನ್ನು ಸಿಮೆಂಟಿನಲ್ಲಿ ಮೂಡಿಸಿದ್ದಾರೆ. ಅಲ್ಲಿ ಅವಸರ ಮಾಡಬೇಡಿ.

ಇನ್ನು ರೈಲು. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ದಿನವೂ ಇದೆ, ಕಾಸರಗೋಡಿನಲ್ಲಿ ನಿಲ್ಲುತ್ತದೆ. ಎರಡು ರಾತ್ರಿ ಅದರಲ್ಲೇ ಕಳೆಯುತ್ತದೆ. ವಿಮಾನಕ್ಕಿಂತ ನನಗೆ ಇದೇ ಇಷ್ಟ, ಏಕೆಂದರೆ ಗುಂಪು ಒಂದಾಗುವುದು ಇಲ್ಲಿಯೇ. ಮರುದಿನ ಹಗಲಿನಲ್ಲಿ ಮಹಾರಾಷ್ಟ್ರದ ಕಸಾರಾದಿಂದ ಇಗತ್ಪುರಿಗೆ ಥಾಲ್ ಘಾಟಿ ಏರುವಾಗ ಎಲ್ಲರನ್ನೂ ಕಿಟಕಿಯ ಪಕ್ಕ ಕೂರಿಸಿ. ರೈಲು ದೆಹಲಿಯ ನಿಜಾಮುದ್ದೀನ್ ನಿಲ್ದಾಣಕ್ಕಿಂತ ಮೊದಲು ಆಗ್ರಾ ಕಂಟೋನ್ಮೆಂಟ್‌ನಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗೆ ಮಾತ್ರ ಟಿಕೆಟ್ ತೆಗೆದು, ಸಾಮಾನನ್ನು ನಿಲ್ದಾಣದ ಕ್ಲೋಕ್‌ರೂಮಿನಲ್ಲಿಟ್ಟು ತಾಜ್ ಮಹಲ್ ನೋಡಿ, ಸಂಜೆ ಬೇರೆ ರೈಲಿನಲ್ಲಿ ದೆಹಲಿಗೆ ಹೋಗಬಹುದು. ತಾಜ್ ಪ್ರವೇಶಕ್ಕೆ 50 ರೂಪಾಯಿ, ಸಮಾಧಿಯ ಒಳಗೆ ಹೋಗಲು ಇನ್ನೂ 200. ಬುಧವಾರ ಕಾಸರಗೋಡಿನಲ್ಲಿ ಹತ್ತಿದರೆ ಶುಕ್ರವಾರ ಆಗ್ರಾ ತಲುಪುತ್ತೀರಿ, ಶುಕ್ರವಾರ ತಾಜ್‌ಗೆ ರಜೆ. ಕೆಂಪುಕೋಟೆ, ಗಾಂಧಿ ಸ್ಮೃತಿ, ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಆ ದಿನವನ್ನು ಕುತುಬ್ ಮಿನಾರ್ ಮತ್ತು ಲೋಧಿ ಉದ್ಯಾನಕ್ಕೆ ಇಟ್ಟುಕೊಳ್ಳಿ.

ಮುಂಗಡ ಟಿಕೆಟ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ಆನ್‌ಲೈನಿನಲ್ಲಿ ಒಂದು ಟಿಕೆಟಿಗೆ ಆರು ಮಂದಿ ಮಾತ್ರ. ಆದ್ದರಿಂದ ಬರುವವರ ಹೆಸರು, ವಯಸ್ಸು, ಹಣ ಎಲ್ಲವನ್ನೂ ನವೆಂಬರಿನಲ್ಲೇ ಸೇರಿಸಿ, ಆರಾರು ಮಂದಿಯ ಪಟ್ಟಿ ಮಾಡಿಟ್ಟುಕೊಳ್ಳಿ. ಫೆಬ್ರವರಿಯ ಬೆಳಗಿನ ಜಾವ ಅಲ್ಲಿ ಸ್ವೆಟರ್ ಬೇಕೇ ಬೇಕು. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಯಾವ ದಿನಕ್ಕೆ ಯಾವ ಜಾಗ ಎಂದು ಕೂಡಿಸಿ ಕೊಡುತ್ತೇನೆ.