ಎರಡು ಮರ, ಒಂದೇ ‘ಕಾಡು ಬಾದಾಮಿ’

ಪ್ರಶ್ನೆ: ಜಯನಗರದಲ್ಲಿ ನಮ್ಮ ಮನೆ ಎದುರಿನ ಫುಟ್‌ಪಾತಿನಲ್ಲಿ ದೊಡ್ಡ ಮರವೊಂದಿದೆ. ದೋಣಿಯಂಥ ಕೆಂಪು ಕಾಯಿ ಬಿರಿದು ಕಪ್ಪು ಬೀಜ ಉದುರುತ್ತವೆ. ‘ಅದು ಕಾಡು ಬಾದಾಮಿ, ಚಿಕ್ಕವರಿದ್ದಾಗ ಕಲ್ಲಲ್ಲಿ ಜಜ್ಜಿ ತಿಂತಿದ್ವಿ’ ಅಂತಾರೆ ನಮ್ಮತ್ತೆ. ಮಗಳು ದಿನಾ ಆರಿಸಿಕೊಂಡು ಬರುತ್ತಾಳೆ. ತಿನ್ನಲು ಕೊಡಬಹುದಾ?

ಉತ್ತರ: ನಿಮ್ಮತ್ತೆ ಸುಳ್ಳು ಹೇಳುತ್ತಿಲ್ಲ. ಆದರೆ ಅವರು ತಿಂದಿದ್ದು ಈ ಮರದ್ದಲ್ಲ ಅನಿಸುತ್ತದೆ.

ಬೇಸಿಗೆ ಶುರುವಾಗುವ ಹೊತ್ತಿಗೆ, ಎಲೆ ಉದುರಿದ ಈ ಮರ ಹೂ ಬಿಟ್ಟಾಗ, ಬೀದಿಯಲ್ಲಿ ಡ್ರೈನೇಜ್ ಒಡೆದಿದೆಯಾ ಅಂತ ಯಾರಾದರೂ ಕೇಳಿದ್ದರಾ? ಹಾಗಾದರೆ ಇದು ಸ್ಟರ್ಕ್ಯುಲಿಯಾ ಫೀಟಿಡಾ, ಅಂದರೆ ಜಂಗ್ಲಿ ಬಾದಾಮಿ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಲ್ಯಾಟಿನ್‌ನಲ್ಲಿ ‘ಸ್ಟರ್ಕಸ್’ ಅಂದರೆ ಸಗಣಿ, ‘ಫೀಟಿಡಾ’ ಅಂದರೆ ನಾರುವುದು. ಒಂದು ಸಲ ಬೈದಿದ್ದು ಸಾಲಲಿಲ್ಲ, ಪಾಪ!

ಇದರ ಬೀಜವನ್ನೂ ಹುರಿದು ತಿನ್ನುವವರಿದ್ದಾರೆ. ರುಚಿ ಸುಮಾರಾಗಿ ಕಡಲೆಕಾಯಿ ಬೀಜದ್ದೇ. ಆದರೆ ಹಸಿಯಾಗಿ ತಿಂದರೆ ಹೊಟ್ಟೆ ಕೆಟ್ಟು ಭೇದಿಯಾಗಬಹುದು. ಎಣ್ಣೆಯಲ್ಲಿ ಸ್ಟರ್ಕ್ಯುಲಿಕ್ ಆಮ್ಲ ಬಹಳ ಇರುತ್ತದೆ. ಅದು ದೇಹ ಕೊಬ್ಬನ್ನು ಬಳಸುವ ರೀತಿಗೇ ಅಡ್ಡಬರುತ್ತದೆ. ಕೋಳಿಗೆ ತಿನ್ನಿಸಿದರೆ, ಅದು ಇಟ್ಟ ಮೊಟ್ಟೆಯ ಬಿಳಿ ಭಾಗ ಬರಬರುತ್ತಾ ನಸುಗೆಂಪಾಗುತ್ತದೆ! ದೊಡ್ಡವರು ಹುರಿದ ಒಂದೆರಡು ಬೀಜದ ರುಚಿ ನೋಡಿದರೆ ಗಾಬರಿ ಬೇಡ. ಮಗಳಿಗೆ ಮಾತ್ರ ಬೇಡವೇ ಬೇಡ. ಆಟಕ್ಕೆ ಇಟ್ಟುಕೊಳ್ಳಲಿ, ಬಾಯಿಗೆ ಹಾಕದಿದ್ದರೆ ಸಾಕು. ತಿಂದು ವಾಂತಿ, ಭೇದಿ ಶುರುವಾದರೆ ಬೀಜವನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಅತ್ತೆಯ ಬಾದಾಮಿ ಬೇರೆ: ಟರ್ಮಿನೇಲಿಯಾ ಕಟಾಪ್ಪ. ಕೊಂಬೆಗಳು ಮಹಡಿ ಮಹಡಿಯಾಗಿ ಚಾಚಿರುತ್ತವೆ. ದೊಡ್ಡ ಎಲೆಗಳು ಉದುರುವ ಮುಂಚೆ ಕೆಂಪಾಗುತ್ತವೆ. ಇದು ಕಡಲ ದಂಡೆಯ ಮರ, ಅದಕ್ಕೇ ಕಾಯಿ ನೀರಲ್ಲಿ ತೇಲುತ್ತದೆ. ಅಂಗಡಿಯ ಬಾದಾಮಿಗೂ ಇದಕ್ಕೂ ನಂಟಿಲ್ಲ. ನಮ್ಮ ಅಳಲೆ, ತಾರೆ, ಮತ್ತಿ ಇದರ ದಾಯಾದಿಗಳು.

ಒಣಗಿದ ಕಾಯನ್ನು ಅಂಚಿನ ಮೇಲೆ ನಿಲ್ಲಿಸಿ ಕಲ್ಲಲ್ಲಿ ಹೊಡೆಯಿರಿ. ಅಡ್ಡ ಮಲಗಿಸಿ ಹೊಡೆದರೆ ತಿರುಳೂ ಪುಡಿ, ಬೆರಳೂ ಪುಡಿ. ಒಳಗೆ ಸಿಗುವುದು ಪೆನ್ಸಿಲ್ ತುಂಡಿನಷ್ಟು ಸಣ್ಣ ತಿರುಳು. ಕಂದು ಸಿಪ್ಪೆ ತೆಗೆದು ಮೆಲ್ಲಗೆ ಬಿಡಿಸಿ ನೋಡಿ, ಸುತ್ತಿಟ್ಟ ಚಾಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಇದನ್ನು ಹಸಿಯಾಗಿಯೇ ತಿನ್ನಬಹುದು. ಬೂಸ್ಟು ಹಿಡಿದಿದ್ದರೆ, ಕಹಿ ಅನಿಸಿದರೆ ಉಗುಳಿಬಿಡಿ. ಹತ್ತಿರದಲ್ಲೇ ಒಂದು ಮರ ಇದ್ದೀತು, ಅತ್ತೆಯನ್ನೇ ಕರೆದುಕೊಂಡು ಹೋಗಿ ಹುಡುಕಿ.