ದೀಡ ನೂರು ಅಂದರೆ ಎಷ್ಟು?

ಶಾಲೆಯಲ್ಲಿ ಕಲಿತದ್ದು ಮುಂದೆ ಉಪಯೋಗಕ್ಕೆ ಬರುತ್ತಾ, ಅದರಲ್ಲೂ ಗಡಿಯಲ್ಲಿ ಕನ್ನಡ ಶಾಲೆಗೆ ಹೋದವರಿಗೆ, ಅಂತ ಕೇಳಿದ್ದೀರಿ. ನಾನು ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನವನು, ಮಹಾರಾಷ್ಟ್ರದ ಗಡಿ ಕಡೆಯ, ಕೃಷ್ಣಾ ದಂಡೆಯ ಊರು. ಮೂರು ಎಕರೆ ಕಬ್ಬು, ಒಂದು ಝೆರಾಕ್ಸ್ ಅಂಗಡಿ. ಓದಿದ್ದು ಪಿಯುಸಿ. ಮೊದಲು ಒಬ್ಬ ಮಾಸ್ತರ ಕಥೆ ಹೇಳುತ್ತೇನೆ.

ನಾನಾಗ ಎಂಟನೇ ಇಯತ್ತೆ. ನಿಮ್ಮ ಕಡೆ ಕ್ಲಾಸು ಅನ್ನುವುದಕ್ಕೆ ನಮ್ಮಲ್ಲಿ ಇಯತ್ತೆ ಅನ್ನುತ್ತಾರೆ. ಹಾಸನದ ಕಡೆಯಿಂದ ಗಣಿತಕ್ಕೆ ಹೊಸ ಮಾಸ್ತರು ಬಂದಿದ್ದರು. ಬಂದ ವಾರವೇ ಸಂತೆಗೆ ಹೋಗಿ ಒಂದು ಚಾದರದ ರೇಟು ಕೇಳಿದ್ದಾರೆ. ಅಂಗಡಿಯವನು ‘ದೀಡ ನೂರು’ ಅಂದಿದ್ದಾನೆ. ಇವರಿಗೆ ಕೇಳಿಸಿದ್ದು ನೂರು ಮಾತ್ರ. ನೂರರ ನೋಟು ಕೊಟ್ಟು ಚಾದರ ಎತ್ತಿಕೊಂಡರು. ಅವನು ಚಾದರದ ಇನ್ನೊಂದು ತುದಿ ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಹಿಡಿದುಕೊಂಡು ನಿಂತಿದ್ದರಂತೆ.

ಮರುದಿನ ಮಾಸ್ತರು ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ದೀಡ ನೂರು ಅಂದರೆ ಎಷ್ಟು? ಇಡೀ ವರ್ಗ ನಕ್ಕಿತು.

‘ದೀಡ ಅಂದ್ರ ಒಂದೂವರಿ ರೀ ಸರ್. ನೂರಾ ಐವತ್ತು.’

‘ಮತ್ತೆ ಎರಡೂವರೆಗೆ ಏನಂತೀರಿ?’

‘ಅಡೀಚ ರೀ. ಅಡೀಚ ನೂರು ಅಂದ್ರ ಎರಡು ನೂರಾ ಐವತ್ತು. ಸವಾ ಅಂದ್ರ ಒಂದೂಕಾಲು.’

ಅವರು ಒಂದೊಂದನ್ನೂ ಬರೆದುಕೊಂಡು, ಪಕ್ಕದಲ್ಲಿ 1½, 2½, 1¼ ಅಂತ ಹಾಕಿದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ನಮ್ಮನ್ನೇ ನೋಡಿದರು. ‘ಏನ್ರೋ, ಇದೇ ಅಲ್ವಾ ಮಿಶ್ರ ಭಿನ್ನರಾಶಿ? ಮೊನ್ನೆ ಕೊಟ್ಟಾಗ ಒಬ್ಬನೂ ಮಾಡಲಿಲ್ಲ!’

ಯಾರೂ ಮಾತಾಡಲಿಲ್ಲ. ನಾವು ನಿಜವಾಗಿಯೂ ಅದು ಬೇರೆ, ಇದು ಬೇರೆ ಅಂದುಕೊಂಡಿದ್ದೆವು. ಸಂತೆಯಲ್ಲಿ ‘ಅಡೀಚ ಕಿಲೋಕ್ಕ ಎಷ್ಟಾತು’ ಅಂದರೆ ಬಾಯಲ್ಲೇ ಹೇಳುವ ಹುಡುಗರು, ಪುಸ್ತಕದಲ್ಲಿ ಎರಡೂವರೆ ಕಂಡರೆ ಪೆನ್ಸಿಲ್ ಕಚ್ಚುತ್ತಿದ್ದೆವು. ನಮ್ಮ ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಈ ತೊಂದರೆ ಇರಲಿಲ್ಲ. ಅವನು ಸಾಲಿ ಕಲಿತದ್ದು 1956ಕ್ಕಿಂತ ಮುಂಚೆ, ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ. ದೀಡಕಿ, ಅಡೀಚಕಿ ಅಂತ ಒಂದೂವರೆ, ಎರಡೂವರೆಗಳ ಮಗ್ಗಿಯೇ ಅವನಿಗೆ ಬಾಯಿಪಾಠ ಇತ್ತು. ನಮ್ಮ ಕಾಲಕ್ಕೆ ಅದು ಹೋಯಿತು. ಸಂತೆಯಲ್ಲಿ ಮಾತ್ರ ಉಳಿಯಿತು.

ಬಡ್ಡಿಯದೂ ಇದೇ ಹಣೆಬರಹ. ಅಸಲು, ದರ, ಅವಧಿ ಗುಣಿಸಿ ನೂರರಿಂದ ಭಾಗಿಸು ಅನ್ನುವುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಪುಸ್ತಕದ ದರ ವರ್ಷದ್ದು. ಊರಲ್ಲಿ ಕೈಗಡ ಕೊಡುವವರು ‘ಮೂರು ಟಕ್ಕೆ’ ಅಂತಾರೆ. ಟಕ್ಕೆ ಅಂದರೆ ಶೇಕಡಾ, ಅದು ತಿಂಗಳಿಗೆ. ಮೊದಲ ಝೆರಾಕ್ಸ್ ಮಷಿನ್ ತರುವಾಗ ಬ್ಯಾಂಕಿನಲ್ಲಿ ಶೇಕಡಾ 12 ಅಂದರು. ಅಲ್ಲಿ ಕಾಗದಪತ್ರದ ಕಾಟ ಬೇರೆ. ಹನ್ನೆರಡಕ್ಕಿಂತ ಮೂರು ಸಣ್ಣದು ಅನ್ನುವುದು ಎರಡನೇ ಇಯತ್ತೆಯ ಹುಡುಗನಿಗೂ ಗೊತ್ತಲ್ವಾ! 50,000 ರೂಪಾಯಿ ಕೈಗಡ ತಂದೆ. ತಿಂಗಳಿಗೆ 1,500 ಕೊಡುತ್ತಾ ಹೋದೆ, ಹಗುರ ಅನ್ನಿಸುತ್ತಿತ್ತು. ವರ್ಷ ಮುಗಿದ ಮೇಲೆ ಕೂಡಿಸಿ ನೋಡಿದರೆ 18,000 ಹೋಗಿದೆ, ಅಸಲು ಹಾಗೇ ಕೂತಿದೆ. ಶೇಕಡಾ 36. ಸೂತ್ರ ತಪ್ಪಿರಲಿಲ್ಲ, ನಾನು ಬಳಸಿರಲಿಲ್ಲ.

ಈಗ ಹಿಂದಿಯ ವಿಷಯ. ಕನ್ನಡ ಮೊದಲು, ಇಂಗ್ಲಿಷ್ ಎರಡನೆಯದು, ಹಿಂದಿ ಮೂರನೆಯದು. ಹಿಂದಿ ಯಾಕೆ ಬೇಕು ಅಂತ ನಿಮ್ಮ ಕಡೆ ವಾದ ನಡೆಯುತ್ತದೆ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ನಮಗೆ ಮಾತಿನ ಮರಾಠಿ ಹೇಗೂ ಬರುತ್ತದೆ, ಓದಲು ಬರುವುದಿಲ್ಲ. ಹಿಂದಿ ಪೀರಿಯಡ್ಡಿನಲ್ಲಿ ಕಲಿತ ಅಕ್ಷರ ಮರಾಠಿಗೆ ಕೆಲಸಕ್ಕೆ ಬರುತ್ತದೆ. ಮಿರಜದ ದವಾಖಾನೆಯ ಬೋರ್ಡು, ಮಹಾರಾಷ್ಟ್ರದ ಕೆಂಪು ಬಸ್ಸಿನ ಫಲಕ ಎಲ್ಲ ಅದರಲ್ಲೇ. ಹಿಂದಿಯಲ್ಲಿ ಇಲ್ಲದ ‘ಳ’ ಒಂದನ್ನು ಮಾತ್ರ ಹೊಸದಾಗಿ ಗುರುತು ಹಿಡಿಯಬೇಕು.

ಹೋದ ಬೇಸಿಗೆಯಲ್ಲಿ ಪಕ್ಕದ ಊರಿನ ಒಬ್ಬಾಕೆ ಅಂಗಡಿಗೆ ಬಂದಳು. ತವರುಮನೆ ಗಡಿಯಾಚೆ, ಶಿರೋಳ ತಾಲ್ಲೂಕು. ಸೆರಗಿನಲ್ಲಿ ಸುತ್ತಿದ ಒಂದು ಹಳೆಯ ಸಾತ್‌ಬಾರಾ ತೆಗೆದಳು. ನೀವು ಪಹಣಿ ಅನ್ನುವುದನ್ನು ನಾವು ಉತಾರ ಅನ್ನುತ್ತೇವೆ, ಆ ಕಡೆ ಅದು ಸಾತ್‌ಬಾರಾ, ಅಂದರೆ ಏಳು ಮತ್ತು ಹನ್ನೆರಡನೇ ನಮೂನೆ. ತಲಾಠಿಯ, ಅಂದರೆ ಆ ಕಡೆಯ ಗ್ರಾಮ ಲೆಕ್ಕಿಗನ, ಕೈಬರಹ. ಅಣ್ಣಂದಿರು ‘ನಿನ್ನ ಪಾಲು ಅರ್ಧ ಎಕರೆ’ ಅಂದಿದ್ದಾರಂತೆ.

‘ಇದ್ರಾಗ ನನ್ನ ಹೆಸರು ಎಲ್ಲೈತಿ ನೋಡ್ರಿ ಅಣ್ಣಾರ,’ ಅಂದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಬೆರಳಿಟ್ಟು ಶುರುಮಾಡಿದಳು. ಒಂದೊಂದೇ ಅಕ್ಷರ, ತುಟಿ ಅಲ್ಲಾಡಿಸುತ್ತಾ. ಮೊದಲು ದೊಡ್ಡಣ್ಣನ ಹೆಸರು, ಆಮೇಲೆ ಎರಡನೆಯವನದು. ಎಲ್ಲರದು ಮುಗಿದ ಮೇಲೆ, ಕಾಗದ ಮಡಚಿ ಮಡಚಿ ಸವೆದ ಗೆರೆಯ ಮೇಲೆಯೇ, ಅವಳ ಹೆಸರು. ಬೆರಳು ಅಲ್ಲೇ ನಿಂತಿತು. ‘ಎಂಟನೇತ್ತಕ ಹೋಗೀನ್ರಿ. ಹಿಂದಿ ಬಾಯಾರು ಭಾಳ ಹೊಡೀತಿದ್ರು,’ ಅಂತ ನಕ್ಕಳು.

ಹೆಸರಿನ ಎದುರಿಗೆ 0.40 ಅಂತ ಇತ್ತು. ‘ಇದೇನ್ರಿ, ನಲವತ್ತು ಗುಂಟೇನ?’ ಅಂದಳು. ಅಲ್ಲಿ ಇರುವುದು ಒಂದು ತೊಡಕು. ನಮ್ಮ ಉತಾರದಲ್ಲಿ ಎಕರೆ, ಗುಂಟೆ. ಅವರದರಲ್ಲಿ ಹೆಕ್ಟೇರ್, ಆರ್. ಹೆಕ್ಟೇರಿಗೆ 100 ಆರ್, ಎಕರೆಗೆ 40 ಗುಂಟೆ. ಆರ್ ಅಂದರೆ 100 ಚದರ ಮೀಟರ್. ಗುಂಟೆ ಅಂದರೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಹಾಗಾಗಿ ಇವೆರಡೂ ಅಕ್ಕಪಕ್ಕದ ಮನೆಯವರಿದ್ದಂತೆ. ಲೆಕ್ಕ ಹಾಕಿದರೆ ಅವಳದು ಮೂವತ್ತೊಂಬತ್ತೂವರೆ ಗುಂಟೆ. ಎಕರೆಗೆ ಅರ್ಧ ಗುಂಟೆ ಕಮ್ಮಿ. ಅಣ್ಣಂದಿರು ಹೇಳಿದ್ದು ಅದರ ಅರ್ಧ. ಅವಳು ಎರಡು ಝೆರಾಕ್ಸ್ ತೆಗೆಸಿಕೊಂಡು ಹೋದಳು. ಮುಂದೇನಾಯಿತು ನಾನು ಕೇಳಿಲ್ಲ, ಮನೆಯ ವಿಷಯ.

ಕೆಲವು ಪಾಠ ಎಲ್ಲಿಗೆ ಹೋಗಿ ಮುಟ್ಟುತ್ತದೋ ಗೊತ್ತಾಗುವುದಿಲ್ಲ. ನಮ್ಮ ಸಾಲಿಯಲ್ಲಿ ಸಣ್ಣ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ಸ್ ಒಂದೇ ಒಂದು ಇತ್ತು, ಅದಕ್ಕೂ ಕಪಾಟಿನ ಬೀಗ. ಇವತ್ತು ಪಕ್ಕದ ಮನೆಯ ಹುಡುಗ ಐಟಿಐ ಮುಗಿಸಿ ಗಡಿಯಾಚೆ ಕಾಗಲದ ಎಂಐಡಿಸಿಯಲ್ಲಿ, ಅಂದರೆ ಕೈಗಾರಿಕಾ ಪ್ರದೇಶದಲ್ಲಿ, ಅದನ್ನೇ ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತಾನೆ. ಇನ್ನು ಸೈನ್, ಕಾಸ್ ಎಲ್ಲ ನನ್ನ ಜೀವನದಲ್ಲಿ ಮತ್ತೆ ಬರಲೇ ಇಲ್ಲ. ಬರದಿದ್ದರೆ ಬೇಡ ಬಿಡಿ.

ಆದರೆ ನದಿಗಳು ಬಂದವು. ‘ಕೃಷ್ಣೆಯ ಉಪನದಿಗಳನ್ನು ಹೆಸರಿಸಿ’ ಅಂತ ಪರೀಕ್ಷೆಗೆ ಬರುತ್ತಿತ್ತು. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ, ಘಟಪ್ರಭಾ, ಮಲಪ್ರಭಾ, ಭೀಮಾ. ಮಂತ್ರದ ಹಾಗೆ ಹೇಳಿ ಮುಗಿಸುತ್ತಿದ್ದೆವು. ಗೋಡೆಯ ಮೇಲೆ ಕರ್ನಾಟಕದ ನಕಾಶೆ ಇತ್ತು. ಅದರಲ್ಲಿ ಗಡಿಯಾಚೆ ಎಲ್ಲ ಬಿಳಿ. ಕೃಷ್ಣೆ ಆ ಬಿಳಿಯಿಂದ ಹುಟ್ಟಿ ಬರುತ್ತಿದ್ದಳು. ನಮ್ಮ ಊರಿಗೆ ಹೊಳೆ ಬರುವುದು ಆ ಬಿಳಿ ಜಾಗದಿಂದಲೇ ಅಂತ ಯಾರೂ ಹೇಳಿಕೊಡಲಿಲ್ಲ.

2019ರ ಆಗಸ್ಟ್. ರಾತ್ರಿ ಹನ್ನೊಂದಕ್ಕೆ ಮಾವ ಓಡುತ್ತಾ ಬಂದ. ‘ಹಿಡಕಲ್ ಡ್ಯಾಮ್ ಬಿಟ್ಟಾರಂತ, ಎಮ್ಮಿ ಬಿಚ್ಚು!’ ಅಂದ. ಆಗ ಆ ಮಂತ್ರ ನೆನಪಾಯಿತು. ಹಿಡಕಲ್ ಇರುವುದು ಘಟಪ್ರಭೆಗೆ. ಘಟಪ್ರಭೆ ಕೃಷ್ಣೆಗೆ ಸೇರುವುದು ನಮಗಿಂತ ಬಹಳ ಕೆಳಗೆ, ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ. ಆ ನೀರು ಗೋಕಾಕದವರ ಚಿಂತೆ. ನಮ್ಮ ಚಿಂತೆ ಪಟ್ಟಿಯ ಮೊದಲ ನಾಲ್ಕು ಹೆಸರು. ‘ಮಾವಾ, ಹಿಡಕಲ್ ಬಿಡು. ರಾಜಾಪುರ ಬ್ಯಾರೇಜಿನಾಗ ಎಷ್ಟು ಐತಿ ಅದನ್ನ ಕೇಳು,’ ಅಂದೆ. ಆ ಬ್ಯಾರೇಜು ಇರುವುದು ಗಡಿಯಾಚೆ, ಕೃಷ್ಣೆಗೇ. ಕೇಳಿದ. ಕ್ಯೂಸೆಕ್ ಲಕ್ಷ ಲಕ್ಷದಲ್ಲಿತ್ತು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, 28 ಲೀಟರ್ ಚಿಲ್ಲರೆ. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ, ಅಂದರೆ 864 ಕೋಟಿ ಘನ ಅಡಿ. ಲೆಕ್ಕ ಮಾಡಿದ ಮೇಲೆ ಎಮ್ಮೆ ಬಿಚ್ಚಿದ್ದು ನಿಜ. ಮಾವ ಹೇಳಿದ್ದೇ ಸರಿ ಆಯಿತು, ಕಾರಣ ಮಾತ್ರ ತಪ್ಪಿತ್ತು. ಅದನ್ನು ಅವನು ಇವತ್ತಿಗೂ ಒಪ್ಪುವುದಿಲ್ಲ.

ಮೊನ್ನೆ ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಚೀಟಿ ಬಂತು. ಒಂಬತ್ತನೇ ಇಯತ್ತೆಯ ಮಗಳು ಎದುರಿಗೆ ಕೂತಿದ್ದಳು. 2025-26ಕ್ಕೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದು ಶೇಕಡಾ 10.25 ಸಕ್ಕರೆ ಇಳುವರಿಗೆ. ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚು. ‘ಇಳುವರಿ 11.25 ಇದ್ದರೆ ಟನ್ನಿಗೆ ಎಷ್ಟು?’ ಅಂದೆ. ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಿ ‘3,896’ ಅಂದಳು. ನಾನು ಮೊಬೈಲಿನಲ್ಲಿ ಹಾಕಿ ನೋಡಿದೆ, ಸರಿ ಇತ್ತು. ಆಮೇಲೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು, ‘ಅಪ್ಪಾ, ಕಟಾವು ಮತ್ತ ಸಾಗಾಟ ಅಂತ ರೊಕ್ಕ ಕಡಿದಾರಲ್ಲ, ಅದನ್ನ ಹೆಂಗ ಲೆಕ್ಕಾ ಮಾಡ್ಯಾರ?’

ಅದು ಚೀಟಿಯಲ್ಲಿ ಇರಲಿಲ್ಲ. ಸೋಮವಾರ ಕಾರ್ಖಾನೆಗೆ ಹೋಗಿ ಕೇಳಬೇಕು. ಅವಳೂ ಬರುತ್ತಾಳಂತೆ, ನೋಟಬುಕ್ ಹಿಡಿದುಕೊಂಡು.